ಕೈಗೆ ಒಪ್ಪುವ ಅಲಗು

ಕಳೆದ ತಿಂಗಳು ಹುಣ್ಣಿಮೆಯ ಮರುದಿನ ಕಂಪ್ಲಿಯ ಕಡೆಯ ಸದ್ಭಕ್ತರೊಬ್ಬರು ಹೊಸಪೇಟೆಯ ನಮ್ಮ ಮನೆಗೆ ಬಂದಿದ್ದರು. ಮನೆಮಂದಿಯೊಡನೆ ಕಾಶಿ ಹಾಗೂ ಪಶುಪತಿನಾಥದ ಯಾತ್ರೆ ಮುಗಿಸಿ ಬಂದವರು. ಅಲ್ಲಿಂದ ತಂದ ರುದ್ರಾಕ್ಷಿಯನ್ನು ನಮಗೆ ಕೊಟ್ಟು ಶರಣು ಹೇಳಿದ ಮೇಲೆ, ಚೀಲದಿಂದ ಎರಡು ಬಾಗುಗತ್ತಿಗಳನ್ನು ತೆಗೆದು ಚಾಪೆಯ ಮೇಲಿರಿಸಿದರು. ನೇಪಾಳದ ಖುಕುರಿಗಳು.

"ಶಾಸ್ತ್ರಿಗಳೇ, ನಮ್ಮ ಹುಡುಗ ಆಸೆಪಟ್ಟು ಎರಡೂ ತಗೊಂಡಾನ್ರೀ. ಒಂದು ಬಾಳಿ ತೋಟಕ್ಕ ಇಟ್ಕೊಂಡು ಇನ್ನೊಂದು ಬೀಗರಿಗೆ ಕೊಡಬೇಕಂತ ಮಾಡೇವಿ. ಯಾವುದು ಇಟ್ಕೊಳ್ಳೋಣ್ರೀ?" ಎಂದು ಕೇಳಿದರು.

ನಮ್ಮ ಬಳಿಗೆ ಬರುವವರು ಲಿಂಗದೀಕ್ಷೆಯ ದಿನ, ಹೊಸ ಮನೆಯ ಗುರುಪ್ರವೇಶ, ವಚನವೊಂದರ ಅರ್ಥ ಇಂಥವನ್ನು ಕೇಳುವುದು ವಾಡಿಕೆ. ಕತ್ತಿಯನ್ನು ಆರಿಸಿಕೊಡಿರೆಂದು ಕೇಳಿದವರು ಇವರೇ ಮೊದಲಿಗರು. ಆದರೂ ಮಠದಲ್ಲಿ ಓದಿದವರಿಗೆ ಈ ವಿಷಯ ತೀರ ಹೊರಗಿನದೇನೂ ಅಲ್ಲ. ನಮ್ಮ ಕಾಲದಲ್ಲಿ ಬೆಳಗಿನ ಪಾಠ ಮುಗಿದ ಮೇಲೆ ಸೌದೆ ಒಡೆಯುವುದು, ದನಗಳಿಗೆ ಮೇವು ಕೊಯ್ಯುವುದು, ದಾಸೋಹಕ್ಕೆ ಬಾಳೆಲೆ ತರುವುದು ಎಲ್ಲವೂ ವಿದ್ಯಾರ್ಥಿಗಳ ಪಾಲಿನ ಕೆಲಸಗಳಾಗಿದ್ದುವು. ಆದುದರಿಂದ ಅವೆರಡನ್ನೂ ಕೈಗೆತ್ತಿಕೊಂಡು ನೋಡಿದೆವು.

ಎರಡೂ ಖುಕುರಿಗಳೇ ಆದರೂ ಒಂದರಂತೆ ಇನ್ನೊಂದಿರಲಿಲ್ಲ. ಮೊದಲನೆಯದು ಸಪೂರವಾದುದು. ಇದಕ್ಕೆ ಸಿರುಪಾತೆ ಎನ್ನುವರು. ಸಿರು ಎಂಬ ಹುಲ್ಲಿನ ಎಲೆಯಂತೆ ಇರುವುದರಿಂದ ಆ ಹೆಸರು ಬಂದಿದೆ. ಎರಡನೆಯದು ಅಗಲವಾದ, ದಪ್ಪ ಬೆನ್ನಿನ ಭೋಜಪುರೆ. ಪೂರ್ವ ನೇಪಾಳದ ಭೋಜಪುರದ ಹೆಸರನ್ನು ಅದು ಹೊತ್ತಿದೆ. ಖುಕುರಿಯ ಬಾಯಿ ಇರುವುದು ಬಾಗಿನ ಒಳಮೈಯಲ್ಲಿ. ಬಾಗಿದ ಕಡೆಯಿಂದ ಮುಂದಕ್ಕೆ ಅಲಗು ಅಗಲವಾಗುತ್ತ ಹೋಗಿ ತೂಕವೆಲ್ಲ ಅಲ್ಲಿಯೇ ಕೂಡಿಕೊಳ್ಳುತ್ತದೆ. ಎಂತಲೇ ಅದು ಮೊಳದಷ್ಟೇ ಉದ್ದವಿದ್ದರೂ ಅದರ ಏಟು ಕೊಡಲಿಯ ಏಟಿನಂತೆ ಬೀಳುವುದು. ಹಿಡಿಯ ಬಳಿ ಅಲಗಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಕೆಲವರು ಅದನ್ನು ಶಿವನ ತ್ರಿಶೂಲದ ಗುರುತೆನ್ನುವರು, ಕೆಲವರು ಹಸುವಿನ ಗೊರಸೆನ್ನುವರು. ಒರೆಯ ಹಿಂಬದಿಯಲ್ಲಿ ಎರಡು ಕಿರುಗತ್ತಿಗಳು ಇರುತ್ತವೆ. ಹರಿತವಾದುದು ಕರ್ದಾ, ಸಣ್ಣಪುಟ್ಟ ಕೆಲಸಕ್ಕೆ. ಮೊಂಡಾದುದು ಚಕ್ಮಕ್, ಕಲ್ಲಿಗೆ ತಾಗಿಸಿ ಬೆಂಕಿ ಹೊತ್ತಿಸಲು ಮತ್ತು ಅಲಗನ್ನು ಮಸೆಯಲು.

ಇದನ್ನು ಬಡಿಯುವವರು ಕಾಮಿ ಎಂದು ಕರೆಯಲ್ಪಡುವ ಅಲ್ಲಿಯ ಕಮ್ಮಾರರು. ಹೆಚ್ಚಾಗಿ ಹಳೆಯ ಲಾರಿ, ಬಸ್ಸುಗಳ ಕಮಾನುಪಟ್ಟಿಯ ಉಕ್ಕನ್ನೇ ಕಾಯಿಸಿ ಬಡಿದು ರೂಪಕ್ಕೆ ತರುವರು. ಕೊನೆಗೆ ಕೆಂಪಗೆ ಕಾದ ಅಲಗನ್ನು ನೀರಿನಲ್ಲಿ ಮುಳುಗಿಸದೆ, ಕೊಂಬಿನ ಪಾತ್ರೆಯಿಂದ ಬಾಯಿಯ ಉದ್ದಕ್ಕೆ ಮಾತ್ರ ನೀರು ಹೊಯ್ಯುವರು. ಬಾಯಿ ಗಡುಸಾಗುವುದು, ಬೆನ್ನು ಮೆದುವಾಗಿ ಉಳಿಯುವುದು. ಗಡುಸಾದ ಬಾಯಿ ಹರಿತವನ್ನು ಹಿಡಿದಿಡುವುದು, ಮೆದುವಾದ ಬೆನ್ನು ಏಟನ್ನು ತಾಳಿಕೊಳ್ಳುವುದು. ನಮ್ಮ ಊರುಗಳ ಕುಲುಮೆಗಳಲ್ಲಿಯೂ ಮಚ್ಚುಗಳು ಇಂಥ ಲಾರಿಪಟ್ಟಿಯಿಂದಲೇ ಹುಟ್ಟುತ್ತವೆ. ಸಂಡೂರಿನ ಗುಡ್ಡಗಳ ಅದಿರು ಲೋಕಕ್ಕೆಲ್ಲ ಹೋಗುವ ಈ ಸೀಮೆಯಲ್ಲಿ ಕಮ್ಮಾರಿಕೆ ಹೊಸದಲ್ಲ. ಹಂಪಿಯ ಮಗ್ಗುಲಿನ ಕಮಲಾಪುರದಲ್ಲಿ ಕಬ್ಬಿನ ಹಾಲು ಕಾಯಿಸುವ ಕಬ್ಬಿಣದ ಕೊಪ್ಪರಿಗೆಗಳನ್ನು ಮಾಡುವ ಕಸುಬು ಹಿಂದೆ ಇದ್ದಿತು.

ಇಷ್ಟನ್ನು ಹೇಳಿ ನಾವು ಭಕ್ತರನ್ನು ಕೇಳಿದೆವು: "ತೋಟದಲ್ಲಿ ಇದನ್ನು ಬೀಸುವವರು ಯಾರು? ತಾವೋ, ತಮ್ಮ ಮಗನೋ?"

ಅವರು ಸ್ವಲ್ಪ ನಕ್ಕು, "ನಾವೆಲ್ಲಿ ಬೀಸ್ತೀವ್ರೀ, ನಮ್ಮ ಆಳುಮನುಷ್ಯ ಅದಾನಲ್ರೀ" ಎಂದರು. ಆ ಮನುಷ್ಯ ಅವರೊಡನೆ ಬಂದು, ಬಾಳೆಗೊನೆಯೊಂದನ್ನು ಇಳಿಸಿಟ್ಟು, ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಐವತ್ತರ ಮೇಲಿನ ವಯಸ್ಸು. ಒಳಗೆ ಕರೆಯಿಸಿ ಎರಡನ್ನೂ ಅವನ ಕೈಗೆ ಕೊಟ್ಟೆವು. ಅವನು ಯಜಮಾನರ ಮುಖ ನೋಡಿ, ಅಳುಕುತ್ತಲೇ ಒಂದೊಂದನ್ನೂ ತೂಗಿ ನೋಡಿದ. "ಸಣ್ಣದು ಬಾಳಿಗೆ ಚಲೋ ಐತ್ರೀ. ದಪ್ಪಂದು ಕೈ ಸೋಲಿಸ್ತೈತಿ. ಕಬ್ಬಿಗೆ, ಜಾಲಿಗೆ ಎರಡೂ ಗಿಡ್ಡ ಆಗ್ತಾವ್ರೀ" ಎಂದ.

ನಮಗೆ ಅವನ ಮಾತಿನಲ್ಲಿ ತಿದ್ದುವುದೇನೂ ಕಾಣಲಿಲ್ಲ. ಬಾಳೆಯ ದಿಂಡು ಮೆತ್ತನೆಯದು, ನೀರು ತುಂಬಿದ್ದು. ಅದಕ್ಕೆ ಬೇಕಾದುದು ಭಾರವಲ್ಲ, ತೆಳುವಾದ ಹರಿತ. ಕಬ್ಬನ್ನಾದರೋ ನೆಲಮಟ್ಟಕ್ಕೆ ಕಡಿಯಬೇಕು. ಸಿಹಿ ಹೆಚ್ಚಾಗಿರುವುದು ಬುಡದಲ್ಲಿ, ಮೇಲೆ ಮೋಟು ಉಳಿಸಿದರೆ ಕೂಳೆ ಬೆಳೆಯೂ ಚೆನ್ನಾಗಿ ಬಾರದು. ಗಿಡ್ಡ ಕತ್ತಿಯಿಂದ ದಿನವೆಲ್ಲ ಬಾಗಿ ಕಡಿದರೆ ಸೊಂಟ ಉಳಿಯುವುದೆಂತು? ಇನ್ನು ಬಳ್ಳಾರಿ ಜಾಲಿಯ ಕಟ್ಟಿಗೆ ಗಟ್ಟಿ, ಮುಳ್ಳು ಅದಕ್ಕಿಂತ ಗಟ್ಟಿ. ಗಿಡ್ಡ ಅಲಗು ಹಿಡಿದವನ ಕೈ ಮುಳ್ಳಿನೊಳಗೇ ಹೋಗುವುದು. ಅದಕ್ಕೆ ಉದ್ದ ಹಿಡಿಯ ಮಚ್ಚು ಇಲ್ಲವೇ ಕೊಡಲಿಯೇ ಸರಿ. ಭೋಜಪುರೆ ಕೆಟ್ಟ ಕತ್ತಿಯಲ್ಲ. ಹಿಮಾಲಯದ ತಪ್ಪಲಿನಲ್ಲಿ ಒಂದೇ ಅಲಗಿನಿಂದ ಸೌದೆ ಸೀಳಿ, ಬಿದಿರು ಕಡಿದು, ಅಡುಗೆಯನ್ನೂ ಮಾಡುವವನಿಗೆ ಅದೇ ಹಿತ. ಕೊಡಗಿನ ಒಡಿಕತ್ತಿಯೂ ಹೀಗೆಯೇ ಬಾಗಿದ, ಮುಂದೆ ಅಗಲವಾದ ಕತ್ತಿ. ಒಂದು ಕಾಲದಲ್ಲಿ ಯುದ್ಧಕ್ಕೆ ಬೇಕಾಗಿದ್ದ ಅದರಿಂದ ಅಲ್ಲಿಯವರು ಇಂದು ಮದುವೆಯಲ್ಲಿ ಬಾಳೆಯ ದಿಂಡು ಕಡಿಯುವರು. ನೆಲ, ಕೆಲಸ, ಕೈ ಈ ಮೂರೂ ಕೂಡಿ ಅಲಗನ್ನು ಆರಿಸುತ್ತವೆ.

ಅಷ್ಟರಲ್ಲಿ ಆ ಮನುಷ್ಯನ ಸೊಂಟದಲ್ಲಿದ್ದ ಹಳೆಯ ಮಚ್ಚು ನಮ್ಮ ಕಣ್ಣಿಗೆ ಬಿದ್ದಿತು. ಹಿಡಿ ಸೀಳಿ, ತಂತಿ ಸುತ್ತಿ, ಮೇಲೆ ಬಟ್ಟೆ ಬಿಗಿದಿದ್ದ. ಎಷ್ಟು ದಿನವಾಯಿತೆಂದು ಕೇಳಿದರೆ "ಎರಡು ವರ್ಷ ಆತ್ರೀ" ಎಂದ. ಯಜಮಾನರು ತಲೆ ತಗ್ಗಿಸಿ, "ನನಗ ಗೊತ್ತೇ ಇರಲಿಲ್ರೀ" ಎಂದರು. ಅವರು ಸುಳ್ಳಾಡುವವರಲ್ಲ. ಅವರು ಕೇಳಿರಲಿಲ್ಲ, ಇವನು ಹೇಳಿರಲಿಲ್ಲ.

ಅವರನ್ನು ಆಕ್ಷೇಪಿಸುವ ಅಧಿಕಾರ ನಮಗೆ ಇರಲಿಲ್ಲ. ನಾವು ಓದುತ್ತಿದ್ದ ದಿನಗಳಲ್ಲಿ ಒಂದು ವರ್ಷ ಉಗ್ರಾಣದ ಬೀಗದ ಕೈ ನಮ್ಮ ಬಳಿ ಇದ್ದಿತು. ಸೌದೆ ಕಡಿಯಲು ಬಂದ ಮುದುಕನೊಬ್ಬನು ಕೊಡಲಿಯ ಕಾವು ಸಡಿಲಾಗಿದೆ, ಬೇರೆ ಕೊಡಿರೆಂದು ಕೇಳಿದ. ಪರೀಕ್ಷೆಗೆ ಓದುವ ಅವಸರದಲ್ಲಿದ್ದ ನಾವು, ಇವತ್ತೊಂದು ದಿನ ಅದರಲ್ಲಿಯೇ ಕೆಲಸ ಮುಗಿಸು ಎಂದುಬಿಟ್ಟೆವು. ಮಧ್ಯಾಹ್ನ ಕೊಡಲಿ ಕಾವಿನಿಂದ ಕಳಚಿ ಅವನ ಕಾಲಿಗೆ ಬಿದ್ದಿತು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಆಮೇಲೂ ಅವನು ಕುಂಟುತ್ತಲೇ ನಡೆಯುತ್ತಿದ್ದ. ಅವನು ಒಂದು ದಿನವಾದರೂ ನಮ್ಮನ್ನು ದೂರಲಿಲ್ಲ. ಆ ದಿನ ನಾವು ಓದುತ್ತಿದ್ದುದು ಕಾಯಕದ ಪಾಠವನ್ನೇ. ನೆನೆದಾಗಲೆಲ್ಲ ಇಂದಿಗೂ ನಾಚಿಕೆಯಾಗುತ್ತದೆ.

ಗೂಳೂರ ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯನ್ನು ಓದಿದವರಿಗೆ ನುಲಿಯ ಚಂದಯ್ಯ ಶರಣರ ಪ್ರಸಂಗ ತಿಳಿದಿದೆ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಜಂಗಮ ದಾಸೋಹ ನಡೆಸುತ್ತಿದ್ದವರು ಅವರು. ಹುಲ್ಲು ಕೊಯ್ಯುವಾಗ ಲಿಂಗವು ಜಾರಿ ನೀರಿಗೆ ಬಿದ್ದರೂ ಅವರು ಕಾಯಕವನ್ನು ಬಿಡದೆ ಮುಂದೆ ನಡೆದರೆಂದೂ, ಲಿಂಗವೇ ಅವರನ್ನು ಹಿಂಬಾಲಿಸಿತೆಂದೂ ಪ್ರತೀತಿ. ಸೌದೆಯ ಹೊರೆ ಹೊತ್ತ ಮೋಳಿಗೆ ಮಾರಯ್ಯನವರು, ಬಾಚಿ ಹಿಡಿದ ಬಸವಯ್ಯನವರು, ಇವರೆಲ್ಲರ ಕೈಯಲ್ಲಿಯೂ ಒಂದೊಂದು ಅಲಗು ಇದ್ದಿತು. ನಾವು ಇವರ ಹೆಸರು ಹೇಳಿ ಕೈ ಮುಗಿಯುತ್ತೇವೆ. ನಮ್ಮ ಹೊಲದಲ್ಲಿ ಅದೇ ಕಾಯಕ ಮಾಡುವವನ ಕೈಯಲ್ಲಿ ಎಂಥ ಅಲಗಿದೆ ಎಂದು ನೋಡುವುದಿಲ್ಲ. ದುಡಿಯುವವನನ್ನು ಕೇಳದೆ ಅವನ ಉಪಕರಣವನ್ನು ನಾವು ಆರಿಸುವುದು, ಕೆಟ್ಟಾಗ ನೋಡದಿರುವುದು, ಇವು ಕಾಯಕತತ್ತ್ವಕ್ಕೆ ಒಪ್ಪುವ ನಡತೆಗಳಲ್ಲ.

ಕತ್ತಿ ಕೊಳ್ಳುವ ಮನೆಗಳವರು ಕೆಲವು ಮಾತುಗಳನ್ನು ನೆನಪಿಡಬೇಕು. ಅಲಗಿನ ಹೊಳಪಿಗಿಂತ ಮೊದಲು ಹಿಡಿಯನ್ನು ನೋಡಿರಿ. ಅಲಗಿನ ಕಬ್ಬಿಣ ಹಿಡಿಯ ತುದಿಯವರೆಗೆ ಪೂರ್ತಿ ಬಂದು ಮೊಳೆ ಹೊಡೆದಿದ್ದರೆ ಒರಟು ಕೆಲಸಕ್ಕೆ ನಂಬಬಹುದು. ಸಪೂರ ಮೊನೆಯನ್ನು ಅಂಟಿನಿಂದ ಕೂಡಿಸಿದ್ದರೆ ಆಗಾಗ ಅಲುಗಿಸಿ ಪರೀಕ್ಷಿಸಬೇಕು. ಯಾತ್ರೆಯ ಅಂಗಡಿಗಳಲ್ಲಿ ಕೆತ್ತನೆ ಮಾಡಿ ಮಾರುವ ಕೆಲವು ಖುಕುರಿಗಳು ಗೋಡೆಗೆ ತೂಗುಹಾಕಲೆಂದೇ ಮಾಡಿದವು. ಅವನ್ನು ತೋಟಕ್ಕೆ ಒಯ್ಯಬಾರದು. ಒರೆಯಿಂದ ತೆಗೆಯುವಾಗ ಬಾಯಿಯ ಬದಿಗೆ ಬೆರಳು ಸುತ್ತದೆ, ಬೆನ್ನಿನ ಬದಿಯಿಂದ ಒರೆಯನ್ನು ಹಿಡಿಯಬೇಕು. ಹಳೆಯ ಒರೆಯನ್ನು ಸೀಳಿಕೊಂಡು ಅಲಗು ಹೊರಬರುವುದುಂಟು. ಬಾಳೆಯ ಸೊನೆ ಅಲಗಿಗೆ ಕರೆ ಹಿಡಿಸಿ ತುಕ್ಕು ತರುವುದು. ಸಂಜೆ ತೊಳೆದು, ಒರಸಿ, ಎಣ್ಣೆ ಸವರಿ ಇಡಬೇಕು. ಸೊರಗುವ ಕೆಲವು ರೋಗಗಳು ಅಲಗಿನಿಂದಲೇ ಗಿಡದಿಂದ ಗಿಡಕ್ಕೆ ದಾಟುವುದರಿಂದ, ರೋಗದ ಗಿಡ ಕಡಿದ ಕತ್ತಿಯನ್ನು ಶುದ್ಧಿಮಾಡದೆ ಇನ್ನೊಂದು ಗಿಡಕ್ಕೆ ಹಾಕಬಾರದು. ಒರೆಯಿಂದ ತೆಗೆದ ಖುಕುರಿ ರಕ್ತ ಕಾಣದೆ ಒಳಗೆ ಹೋಗಬಾರದೆಂಬ ಮಾತು ಬರಿಯ ಕಟ್ಟುಕತೆ. ಅಲ್ಲಿಯ ತಾಯಂದಿರು ಅದೇ ಕತ್ತಿಯಿಂದ ದಿನವೂ ತರಕಾರಿ ಹೆಚ್ಚುವರು. ನಮ್ಮ ತರುಣರು ಅಂಥ ಕತೆಗೆ ಮರುಳಾಗಿ ಅದನ್ನು ಸೊಂಟಕ್ಕೆ ಸಿಕ್ಕಿಸಿ ಜಾತ್ರೆ, ರಥೋತ್ಸವಗಳಿಗೆ ಹೋಗಬಾರದು. ತೋಟದ ಅಲಗು ತೋಟದಲ್ಲಿರಲಿ, ಮಕ್ಕಳ ಕೈಗೆ ಎಟುಕದ ಕಡೆ ಇರಲಿ.

ಸಿರುಪಾತೆ ಬಾಳೆಯ ತೋಟಕ್ಕೆ ಉಳಿಯಿತು. ಭೋಜಪುರೆ ಬೀಗರ ಮನೆಗೆ ಹೋಯಿತು. ಭಕ್ತರು ಊರಿಗೆ ಮರಳುವ ಮುನ್ನ ಆ ಮನುಷ್ಯನನ್ನು ಕುಲುಮೆಗೆ ಕರೆದೊಯ್ದು, ಅವನ ಎತ್ತರಕ್ಕೂ ಅಂಗೈಗೂ ತಕ್ಕಂತೆ ಉದ್ದ ಹಿಡಿಯ ಮಚ್ಚೊಂದನ್ನು ಮಾಡಿಸಿದರೆಂದು ಆಮೇಲೆ ತಿಳಿಯಿತು. ಹಿಡಿ ಎಷ್ಟು ದಪ್ಪವಿರಬೇಕೆಂದು ಕಮ್ಮಾರನು ಕೇಳಿದ್ದು ಯಜಮಾನರನ್ನಂತೆ. ಅವರು, "ನನ್ನ ಕೇಳಬ್ಯಾಡಪ್ಪ, ಅವನ್ನ ಕೇಳು" ಎಂದರಂತೆ. ಪಶುಪತಿನಾಥನ ಯಾತ್ರೆ ಅವರಿಗೆ ಅಲ್ಲಿಗೆ ಪೂರ್ಣವಾಯಿತೆಂದು ನಾವು ತಿಳಿಯುತ್ತೇವೆ.

ಓದುಗ ಬಂಧುಗಳು ಈ ವಾರವೇ ತಮ್ಮ ಹಿತ್ತಲಿನಲ್ಲಿ, ಹೊಲದಲ್ಲಿ, ಅಡುಗೆಮನೆಯಲ್ಲಿ ಇರುವ ಮಚ್ಚು, ಕುಡುಗೋಲು, ಈಳಿಗೆಗಳ ಹಿಡಿಗಳನ್ನೊಮ್ಮೆ ಅಲುಗಿಸಿ ನೋಡಬೇಕೆಂದು ಬೇಡುತ್ತೇವೆ. ಅವನ್ನು ದಿನವೂ ಹಿಡಿಯುವವರು ಯಾರೋ ಅವರನ್ನೊಮ್ಮೆ ಕೇಳಬೇಕೆಂದೂ ಬೇಡುತ್ತೇವೆ.