ಮೊದಲ ಪಿಸ್ತೂಲು ಯಾವುದು? ಅಮೆರಿಕದಲ್ಲಿರುವ ನಮ್ಮವರ ಗ್ರೂಪ್‌ಗಳಲ್ಲಿ ಓಡಾಡುವ ಸಲಹೆಗಳಲ್ಲಿ ನಿಜವೆಷ್ಟು?

‘ಮನೆಗೆ ಮೊದಲ ಗನ್ ತಗೊಳ್ಳೋರು ಪಾಯಿಂಟ್ 45 ಬೋರನ್ನೇ ತಗೊಳ್ಳಿ, ಒಂದೇ ಗುಂಡಿಗೆ ಕಳ್ಳ ಹತ್ತಡಿ ಹಿಂದಕ್ಕೆ ಹಾರಿ ಬೀಳ್ತಾನೆ. ಹೆಂಡತಿಗೆ ಚಿಕ್ಕ ರಿವಾಲ್ವರ್ ಕೊಡಿಸಿ, ಅದು ಯಾವತ್ತೂ ಜಾಮ್ ಆಗಲ್ಲ. ದಿಂಬಿನ ಕೆಳಗೆ ಇಟ್ಕೊಳ್ಳಿ, ನಿಶ್ಚಿಂತೆಯಿಂದ ಮಲಗಿ.’

ಈ ಧಾಟಿಯ ಮೆಸೇಜುಗಳು ಅಮೆರಿಕದಲ್ಲಿರುವವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಹುಟ್ಟಿ, ಅಲ್ಲಿಂದ ಊರಿನ ‘ಫ್ಯಾಮಿಲಿ ಗ್ರೂಪ್’ಗೂ ಬರುತ್ತವೆ. ಅಕ್ಕಪಕ್ಕದಲ್ಲಿ ಎಲ್ಲೋ ಒಂದು ಕಳ್ಳತನವಾದರೆ ಸಾಕು, ಇನ್ನೊಂದು ಸುತ್ತು ಓಡಾಡುತ್ತವೆ. ಅಲ್ಲಿ ಅಂಗಡಿಗೆ ಹೋಗಿ ಪಿಸ್ತೂಲು ಕೊಳ್ಳುವುದು ನಮ್ಮಲ್ಲಿಯಂತೆ ಅಪರೂಪದ ಸಂಗತಿಯಲ್ಲ. ಆತ್ಮರಕ್ಷಣೆಗಾಗಿ ಮನೆಯಲ್ಲಿ ಹ್ಯಾಂಡ್‌ಗನ್ ಇಟ್ಟುಕೊಳ್ಳುವುದು ನಾಗರಿಕರ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಹಾಗಾಗಿ ‘ಬೇಡವೇ ಬೇಡ’ ಎಂದು ಇಲ್ಲಿ ಕೂತು ಉಪದೇಶ ಮಾಡುವುದಕ್ಕಿಂತ, ಮೆಸೇಜಿನ ಒಂದೊಂದು ಮಾತನ್ನೂ ಪರೀಕ್ಷೆಗೆ ಹಚ್ಚೋಣ. ಅದಕ್ಕೂ ಮೊದಲು, ಆ ಮೆಸೇಜಿನಲ್ಲಿ ಇಲ್ಲದೇ ಇರುವ ಒಂದು ಮಾತು.

ನಿಮಗೆ ಕೊಳ್ಳಲು ಅನುಮತಿ ಇದೆಯೇ?

ಎಚ್1ಬಿ ಕೆಲಸದ ವೀಸಾ, ಎಫ್1 ವಿದ್ಯಾರ್ಥಿ ವೀಸಾ, ತಂದೆತಾಯಿ ಬರುವ ಬಿ2 ಪ್ರವಾಸಿ ವೀಸಾ, ಇವೆಲ್ಲ ‘ನಾನ್ ಇಮಿಗ್ರಂಟ್’ ವೀಸಾಗಳು. ಇಂಥ ವೀಸಾದ ಮೇಲೆ ದೇಶದೊಳಗೆ ಬಂದವರು ಬಂದೂಕನ್ನಾಗಲೀ ತೋಟಾವನ್ನಾಗಲೀ ಹೊಂದಿರುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಅಂಥ ಇನ್ನೂ ಕೆಲವು ಸೀಮಿತ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ.

ಇದು ಸಣ್ಣ ತಪ್ಪಲ್ಲ. 2022ರ ತಿದ್ದುಪಡಿಯ ನಂತರ ಇದಕ್ಕೆ 15 ವರ್ಷದವರೆಗೆ ಶಿಕ್ಷೆಯಾಗಬಹುದು. ‘ಹೊಂದಿರುವುದು’ ಎಂದರೆ ಕೊಂಡುಕೊಳ್ಳುವುದು ಮಾತ್ರವಲ್ಲ, ರೇಂಜಿನಲ್ಲಿ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿಯುವುದೂ ಅದರೊಳಗೆ ಬರುತ್ತದೆ. ಅಪ್ಪ ಅಮ್ಮ ಮೂರು ತಿಂಗಳಿಗೆಂದು ಬಂದಾಗ ವಾರಾಂತ್ಯದಲ್ಲಿ ಶೂಟಿಂಗ್ ರೇಂಜಿಗೆ ಕರೆದೊಯ್ದು, ಅಪ್ಪನ ಕೈಗೆ ಪಿಸ್ತೂಲು ಕೊಟ್ಟು ಫೋಟೊ ತೆಗೆದು, ಸ್ಟೇಟಸ್‌ಗೆ ಹಾಕುವವರಿದ್ದಾರೆ. ಅದು ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಹಂಚಿದಂತೆ.

ಉಳಿದಂತೆ ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ. ಲೈಸೆನ್ಸ್ ಇರುವ ಅಂಗಡಿಯಿಂದ ಹ್ಯಾಂಡ್‌ಗನ್ ಕೊಳ್ಳಲು ಎಲ್ಲೆಡೆ 21 ವರ್ಷ ತುಂಬಿರಬೇಕು ಎಂಬುದು ಕೇಂದ್ರದ ನಿಯಮ. ಕ್ಯಾಲಿಫೋರ್ನಿಯಾದಲ್ಲಿ ಅದರ ಮೇಲೆ ಸುರಕ್ಷತಾ ಪರೀಕ್ಷೆ, ಹತ್ತು ದಿನ ಕಾಯುವಿಕೆ, ಮ್ಯಾಗಜೀನಿಗೆ ಹತ್ತೇ ತೋಟಾ. ನ್ಯೂಜೆರ್ಸಿಯಲ್ಲಿ ಕೊಳ್ಳುವ ಮೊದಲೇ ಪರ್ಮಿಟ್ ಬೇಕು. ಟೆಕ್ಸಾಸ್‌ನಲ್ಲಿ ಇವು ಯಾವುವೂ ಇಲ್ಲ. ಡಲ್ಲಾಸ್‌ನ ಸ್ನೇಹಿತನ ಸಲಹೆ ಸ್ಯಾನ್ ಹೋಸೆಯಲ್ಲಿ ನಡೆಯುವುದಿಲ್ಲ.

ಹತ್ತಡಿ ಹಾರುವ ಕಳ್ಳ

ಈಗ ಮೆಸೇಜಿಗೆ ಬರೋಣ. ಗುಂಡು ತಗುಲಿದವನು ಹಿಂದಕ್ಕೆ ಹಾರಿ ಗಾಜು ಒಡೆದುಕೊಂಡು ಬೀಳುವುದು ಸಿನಿಮಾದಲ್ಲಿ. ಹೈಸ್ಕೂಲಿನಲ್ಲಿ ಓದಿದ ನ್ಯೂಟನ್ನನ ಮೂರನೆಯ ನಿಯಮ ನೆನಪಿಸಿಕೊಳ್ಳಿ. ಗುಂಡು ಎಷ್ಟು ತಳ್ಳುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ತಳ್ಳು ಹೊಡೆದವನ ಕೈಗೂ ಬೀಳುತ್ತದೆ. ಕಳ್ಳ ಹತ್ತಡಿ ಹಾರುವುದಾದರೆ ಮನೆ ಯಜಮಾನನೂ ಆ ಕಡೆ ಹತ್ತಡಿ ಹಾರಬೇಕಿತ್ತಲ್ಲ!

ಲೆಕ್ಕ ಹಾಕಿಯೇ ನೋಡೋಣ. ಪಾಯಿಂಟ್ 45ರ ಗುಂಡಿನ ತೂಕ ಸುಮಾರು 15 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 255 ಮೀಟರ್. ಅದು 70 ಕಿಲೋ ತೂಕದ ವ್ಯಕ್ತಿಯ ದೇಹದಲ್ಲೇ ನಿಂತಿತು ಎಂದಿಟ್ಟುಕೊಳ್ಳಿ. ಆತ ಹಿಂದಕ್ಕೆ ಸರಿಯುವ ವೇಗ ಸೆಕೆಂಡಿಗೆ ಸುಮಾರು 5 ಸೆಂಟಿಮೀಟರ್. ಬಸ್ಸಿನಲ್ಲಿ ಪಕ್ಕದವರ ಭುಜ ತಾಗಿದರೆ ಇದಕ್ಕಿಂತ ಹೆಚ್ಚು ಅಲುಗುತ್ತೇವೆ. ಪಿಸ್ತೂಲಿನ ಗುಂಡು ಮನುಷ್ಯನನ್ನು ತಡೆಯುವುದು ಎಲ್ಲಿ ತಗುಲಿತು, ಎಷ್ಟು ಆಳಕ್ಕೆ ಹೋಯಿತು ಎಂಬುದರ ಮೇಲೆ. ತಳ್ಳುವ ಶಕ್ತಿಗೆ ಅದರಲ್ಲಿ ಪಾತ್ರವೇ ಇಲ್ಲ.

ಬೋರ್ ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ಎಫ್‌ಬಿಐ ಕಥೆಯೇ ಉತ್ತರ. 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಎಫ್‌ಬಿಐ ಸಿಬ್ಬಂದಿ ಸತ್ತರು. ಅವರು ಹೊಡೆದ ಒಂದು 9 ಎಂಎಂ ಗುಂಡು ದುಷ್ಕರ್ಮಿಯ ಹೃದಯದ ಹತ್ತಿರ ಹೋಗಿ ನಿಂತುಬಿಟ್ಟಿತ್ತು. ಅದರ ನಂತರ ಸಂಸ್ಥೆ ಹೆಚ್ಚು ಶಕ್ತಿಯ 10 ಎಂಎಂಗೆ ಹೋಯಿತು, ಅದರ ಒದೆತ ಜಾಸ್ತಿಯಾಯಿತೆಂದು ಪಾಯಿಂಟ್ 40ಕ್ಕೆ ಇಳಿಯಿತು, ಕೊನೆಗೆ 2010ರ ದಶಕದ ಮಧ್ಯದಲ್ಲಿ ಮತ್ತೆ 9 ಎಂಎಂಗೇ ಮರಳಿತು. ಅಷ್ಟರಲ್ಲಿ 9 ಎಂಎಂ ಗುಂಡುಗಳ ವಿನ್ಯಾಸ ಸುಧಾರಿಸಿತ್ತು. ಜತೆಗೆ ಹೆಚ್ಚಿನ ಸಿಬ್ಬಂದಿ 9 ಎಂಎಂನಲ್ಲಿ ಬೇಗ ಹೊಡೆಯುತ್ತಾರೆ, ಗುರಿಯೂ ಹೆಚ್ಚು ಸರಿಯಾಗಿರುತ್ತದೆ ಎಂಬುದು ಅವರ ಪರೀಕ್ಷೆಗಳಲ್ಲಿ ಕಂಡಿತ್ತು. ತೋಟಾ ಅಗ್ಗವಾದ್ದರಿಂದ ಅಭ್ಯಾಸವೂ ಹೆಚ್ಚಾಗುತ್ತದೆ. ವೃತ್ತಿಪರರಿಗೇ ಹೀಗಾದರೆ, ತಿಂಗಳಿಗೊಮ್ಮೆ ರೇಂಜಿಗೆ ಹೋಗುವವರ ಪಾಡೇನು?

‘ಹೆಂಗಸರಿಗೆ ಚಿಕ್ಕದು’

ಅಂಗಡಿಯವರೂ ಹೇಳುವ, ನಮಗೆ ಎಲ್ಲಕ್ಕಿಂತ ಸಿಟ್ಟು ಬರಿಸುವ ಸಲಹೆ ಇದು. ಕೈ ಚಿಕ್ಕದು, ಆದ್ದರಿಂದ ಗನ್ನೂ ಚಿಕ್ಕದಿರಲಿ ಎಂಬ ತರ್ಕ. ಭೌತಶಾಸ್ತ್ರ ಇದಕ್ಕೆ ತದ್ವಿರುದ್ಧ. ಒಂದೇ ತೋಟಾವನ್ನು 800 ಗ್ರಾಂ ಗನ್ನಿನಲ್ಲೂ 400 ಗ್ರಾಂ ಗನ್ನಿನಲ್ಲೂ ಹೊಡೆದರೆ, ಹಗುರವಾದದ್ದು ಎರಡು ಪಟ್ಟು ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಅದು ಕೈಗೆ ಕೊಡುವ ಶಕ್ತಿಯೂ ಇಮ್ಮಡಿ. ಜೇಬಿನಲ್ಲಿ ಕೂರುವ ಗಿಡ್ಡ ನಳಿಗೆಯ ಹಗುರ ರಿವಾಲ್ವರ್ ಅನುಭವಿಗಳ ಅಂಗೈಯನ್ನೇ ಐವತ್ತು ಸುತ್ತಿನಲ್ಲಿ ನೋಯಿಸುತ್ತದೆ. ನಳಿಗೆ ಗಿಡ್ಡವಾದರೆ ಗುರಿ ಹಿಡಿಯುವುದೂ ಕಷ್ಟ. ಜತೆಗೆ, ಸುತ್ತಿಗೆಯನ್ನು ಮೊದಲೇ ಹಿಂದಕ್ಕೆಳೆಯದೆ ಹೊಡೆಯುವುದಾದರೆ ರಿವಾಲ್ವರಿನ ಟ್ರಿಗರ್ ಎಳೆಯಲು ಸುಮಾರು ಐದು ಕಿಲೋ ಬಲ ಬೇಕು. ಇಂದಿನ ಸಾಮಾನ್ಯ ಪಿಸ್ತೂಲಿಗೆ ಸುಮಾರು ಎರಡೂವರೆ ಕಿಲೋ ಸಾಕು.

ರಿವಾಲ್ವರ್ ಜಾಮ್ ಆಗುವುದು ಕಡಿಮೆ ಎಂಬುದು ನಿಜ. ‘ಯಾವತ್ತೂ ಆಗಲ್ಲ’ ಎಂಬುದು ಸುಳ್ಳು. ಪಿಸ್ತೂಲು ಸಿಕ್ಕಿಹಾಕಿಕೊಂಡರೆ ಸ್ಲೈಡ್ ಎಳೆದು ಬಹುತೇಕ ಸರಿಮಾಡಬಹುದು, ರಿವಾಲ್ವರ್ ಸಿಕ್ಕಿಹಾಕಿಕೊಂಡರೆ ಎಷ್ಟೋ ಸಲ ಸಲಕರಣೆ ಬೇಕು. ಆದರೆ ಬೆರಳ ಕೀಲುನೋವಿನಿಂದ ಸ್ಲೈಡ್ ಎಳೆಯಲಾಗದವರಿಗೆ ರಿವಾಲ್ವರ್ ಹೊಂದಬಹುದು. ಆಗಲೂ ಸ್ವಲ್ಪ ತೂಕದ್ದು, ಉದ್ದ ನಳಿಗೆಯದ್ದು ಮೇಲು.

ಹಾಗಾದರೆ ನೋಡಬೇಕಾದದ್ದೇನು? ಅಂಗಡಿಯವರು ಖಾಲಿ ಮಾಡಿ ತೋರಿಸಿದ ಪಿಸ್ತೂಲನ್ನು ಹಿಡಿದಾಗ ಹಿಡಿ ಅಂಗೈ ತುಂಬಬೇಕು, ಮಣಿಕಟ್ಟು ತಿರುಚದೆ ತೋರುಬೆರಳಿನ ಮೊದಲ ಗೆಣ್ಣಿನ ಭಾಗ ಟ್ರಿಗರ್ ಮುಟ್ಟಬೇಕು, ಸ್ಲೈಡನ್ನು ನೀವೇ ಎಳೆಯುವಂತಿರಬೇಕು. ಸುಮಾರು 600 ಗ್ರಾಂ ತೂಕ, ನಾಲ್ಕು ಇಂಚಿನ ನಳಿಗೆ, 9 ಎಂಎಂ ಬೋರ್ ಇರುವ ಮಧ್ಯಮ ಗಾತ್ರದ್ದು ಬಹುಪಾಲು ಹೊಸಬರಿಗೆ ರೇಂಜಿಗೂ ಮನೆಗೂ ಸಾಕು. ಇಂಥವನ್ನು ಹತ್ತಾರು ಕಂಪನಿಗಳು ಮಾಡುತ್ತವೆ, ಹೆಸರಿನ ಜಗಳ ನಮಗೆ ಬೇಡ. ನಾಲ್ಕೈದನ್ನು ರೇಂಜಿನಲ್ಲಿ ಬಾಡಿಗೆಗೆ ಪಡೆದು, ತರಬೇತುದಾರರ ಎದುರಿಗೆ ಏಳು ಗಜ ದೂರದಿಂದ ಹೊಡೆದು ನೋಡಿದರೆ ಯಾವ ವಿಡಿಯೊಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಕಲಿಕೆಗೆ ಮಾತ್ರ ಎಂದಾದರೆ ಪಾಯಿಂಟ್ 22 ಇನ್ನೂ ಉತ್ತಮ. ಹೊಸಬರ ಗುರಿ ತಪ್ಪುವುದು ಸದ್ದು ಮತ್ತು ಒದೆತಕ್ಕೆ ಮೊದಲೇ ಬೆಚ್ಚಿ ಕೈ ಕೆಳಗೆ ಒತ್ತುವುದರಿಂದ. ತರಬೇತುದಾರರು ಮ್ಯಾಗಜೀನಿನಲ್ಲಿ ಒಂದೆರಡು ಡಮ್ಮಿ ತೋಟಾ ಸೇರಿಸಿಡುತ್ತಾರೆ. ಸದ್ದೇ ಬಾರದ ಆ ಕ್ಷಣದಲ್ಲಿ ನಿಮ್ಮ ಕೈ ಹೇಗೆ ಕುಸಿಯಿತು ಎಂದು ನಿಮಗೇ ಕಾಣುತ್ತದೆ.

ಇನ್ನೊಂದು ಅಪಾಯಕಾರಿ ತಪ್ಪುತಿಳಿವಳಿಕೆ: ಮ್ಯಾಗಜೀನ್ ತೆಗೆದರೆ ಪಿಸ್ತೂಲು ಖಾಲಿ ಎಂಬುದು. ನಳಿಗೆಯ ಹಿಂದಿನ ಕೋಣೆಯಲ್ಲಿ ಒಂದು ತೋಟಾ ಉಳಿದಿರಬಹುದು, ಟ್ರಿಗರ್ ಎಳೆದರೆ ಬಹಳಷ್ಟು ಪಿಸ್ತೂಲುಗಳಲ್ಲಿ ಅದು ಹಾರುತ್ತದೆ. ಮೊದಲು ಮ್ಯಾಗಜೀನ್ ತೆಗೆದು, ಆಮೇಲೆ ಸ್ಲೈಡ್ ಎಳೆದು, ಒಳಗೆ ಕಣ್ಣಿಂದ ನೋಡಿ, ಬೆರಳಿಟ್ಟು ಮುಟ್ಟಿ ಖಚಿತಪಡಿಸಿಕೊಳ್ಳಬೇಕು.

ರೇಂಜಿನಿಂದ ಮನೆಗೆ ಬರುವ ಸೀಸ

9 ಎಂಎಂ ಸದ್ದು ಸುಮಾರು 160 ಡೆಸಿಬೆಲ್. 140 ದಾಟಿದ ಒಂದೇ ಸದ್ದು ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಒಳಾಂಗಣ ರೇಂಜಿನಲ್ಲಿ ಕಿವಿಯೊಳಗಿನ ಪ್ಲಗ್, ಅದರ ಮೇಲೆ ಮಫ್ ಎರಡೂ ಇರಲಿ. ಕಡಿಮೆ ಜನಕ್ಕೆ ಗೊತ್ತಿರುವುದು ಸೀಸದ ವಿಷಯ. ಸಾಮಾನ್ಯ ತೋಟಾಗಳ ಕಿಡಿಮದ್ದಿನಲ್ಲೂ ಗುಂಡಿನಲ್ಲೂ ಸೀಸ ಇರುತ್ತದೆ, ಅದರ ನುಣುಪು ಪುಡಿ ಕೈಗೆ, ಬಟ್ಟೆಗೆ, ಶೂಗೆ ಅಂಟುತ್ತದೆ. ಮಕ್ಕಳ ಮೆದುಳಿಗೆ ಸೀಸ ವಿಷ. ರೇಂಜಿನಿಂದ ಬಂದವರು ಕೈ ಮುಖ ಸೋಪು ಹಚ್ಚಿ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಆ ಬ್ಯಾಗನ್ನೇ ಊರಿಗೆ ಬರುವಾಗ ಕ್ಯಾಬಿನ್ ಬ್ಯಾಗ್ ಮಾಡಿಕೊಳ್ಳಬೇಡಿ. ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ಸಿಕ್ಕರೂ ನಮ್ಮ ವಿಮಾನ ನಿಲ್ದಾಣಗಳಲ್ಲಿ ಪೊಲೀಸರವರೆಗೆ ಹೋಗುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ತೋಟಾಗೂ ಲೈಸೆನ್ಸ್ ಬೇಕು. 9 ಎಂಎಂ ನಮ್ಮಲ್ಲಿ ಸಾಮಾನ್ಯರಿಗೆ ಸಿಗದ ‘ನಿಷೇಧಿತ ಬೋರ್’.

ಮನೆಯೊಳಗಿನ ಲೆಕ್ಕ

ಅಮೆರಿಕದ ಹೆಚ್ಚಿನ ಮನೆಗಳ ಒಳಗೋಡೆ ನಮ್ಮ ಇಟ್ಟಿಗೆ ಗೋಡೆಯಲ್ಲ. ಮರದ ಚೌಕಟ್ಟಿನ ಎರಡು ಬದಿಗೂ ಜಿಪ್ಸಂ ಹಲಗೆ ಹೊಡೆದದ್ದು. ಪಿಸ್ತೂಲಿನ ಗುಂಡು ಅಂಥ ಗೋಡೆಗಳನ್ನು ಒಂದಲ್ಲ, ಹಲವನ್ನು ತೂರಿ ಹೋಗುತ್ತದೆ. ಆಚೆ ಕೋಣೆಯಲ್ಲಿ ಯಾರು ಮಲಗುತ್ತಾರೆ ಎಂಬುದು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಕತ್ತಲೆಯಲ್ಲಿ ಸದ್ದು ಮಾಡಿದವರು ಕಳ್ಳರೋ ನೀರು ಕುಡಿಯಲು ಎದ್ದ ಮಾವನವರೋ ಎಂದು ತಿಳಿಯಲು ಬೇಕಾಗುವುದು ಟಾರ್ಚು.

‘ಅಮೆರಿಕದಲ್ಲಿ ವರ್ಷಕ್ಕೆ 25 ಲಕ್ಷ ಜನ ಗನ್ನಿನಿಂದ ಜೀವ ಉಳಿಸಿಕೊಳ್ಳುತ್ತಾರೆ’ ಎಂಬ ಅಂಕಿಯನ್ನೂ ನೀವು ನೋಡಿರಬಹುದು. ಅದರ ಮೂಲ 1995ರಲ್ಲಿ ಪ್ರಕಟವಾದ, ಸುಮಾರು 5,000 ಜನರಿಗೆ ಫೋನ್ ಮಾಡಿ ಕೇಳಿದ ಒಂದು ಸಮೀಕ್ಷೆ. ಅಷ್ಟು ಚಿಕ್ಕ ಮಾದರಿಯಲ್ಲಿ ಕೆಲವೇ ಜನರ ಉತ್ತರ ಇಡೀ ದೇಶಕ್ಕೆ ಗುಣಿಸಿದಾಗ ಲಕ್ಷಗಳಾಗುತ್ತವೆ. ಅಲ್ಲಿನ ಸರ್ಕಾರದ ದೊಡ್ಡ ಅಪರಾಧ ಸಮೀಕ್ಷೆಯ ಪ್ರಕಾರ 2007ರಿಂದ 2011ರವರೆಗಿನ ಐದು ವರ್ಷ ಸೇರಿಸಿದರೂ ಇಂಥ ಪ್ರಕರಣಗಳು ಸುಮಾರು 3.38 ಲಕ್ಷ. ಎರಡೂ ಅಂದಾಜುಗಳ ಬಗ್ಗೆ ಸಂಶೋಧಕರ ಜಗಳ ಇನ್ನೂ ಮುಗಿದಿಲ್ಲ. ಫಾರ್ವರ್ಡ್ ಮಾತ್ರ ದೊಡ್ಡದನ್ನೇ ಹಿಡಿದುಕೊಂಡಿದೆ.

ಇನ್ನೊಂದು ತಕ್ಕಡಿಯಲ್ಲಿ ಇರುವುದು ಇದು. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತ 48,830 ಜನರಲ್ಲಿ 26,328 ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಕ್ಯಾಲಿಫೋರ್ನಿಯಾದ ಎರಡೂವರೆ ಕೋಟಿಗೂ ಹೆಚ್ಚು ಜನರ ದಾಖಲೆ ನೋಡಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹ್ಯಾಂಡ್‌ಗನ್ ಇದ್ದ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಇಲ್ಲದವರಿಗಿಂತ ಸುಮಾರು ಎಂಟು ಪಟ್ಟು, ಹೆಂಗಸರಲ್ಲಿ ಸುಮಾರು 35 ಪಟ್ಟು ಇತ್ತು. ಅದೇ ತಂಡದ 2022ರ ಅಧ್ಯಯನ ಗನ್ ಇರುವವರ ಜತೆ ಬಾಳುವ ಮನೆಮಂದಿಯದ್ದು. ಅವರು ಮನೆಯಲ್ಲೇ ಸಂಗಾತಿಯ ಗುಂಡಿಗೆ ಬಲಿಯಾಗುವ ಪ್ರಮಾಣ ಸುಮಾರು ಏಳು ಪಟ್ಟು. ಹಾಗೆ ಸತ್ತವರಲ್ಲಿ ಶೇ 84ರಷ್ಟು ಮಹಿಳೆಯರು. ಹೊರಗಿನವರಿಂದಾಗುವ ಕೊಲೆ ಕಡಿಮೆಯಾಯಿತು ಎಂಬುದಕ್ಕೆ ಆಧಾರ ಸಿಗಲಿಲ್ಲ. ಗನ್ ಒಂದೇ ಕಾರಣ ಎಂದು ಇಂಥ ಅಧ್ಯಯನ ಸಾಬೀತು ಮಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಬಂದೂಕಿನಿಂದ ಆತ್ಮಹತ್ಯೆಗೆ ಯತ್ನಿಸಿದ ಹತ್ತರಲ್ಲಿ ಸುಮಾರು ಒಂಬತ್ತು ಜನ ಉಳಿಯುವುದಿಲ್ಲ. ಮನಸ್ಸು ಬದಲಿಸಲು ಅದು ಸಮಯ ಕೊಡುವುದಿಲ್ಲ.

ಆದ್ದರಿಂದ ದಿಂಬಿನ ಕೆಳಗೆ, ಕಪಾಟಿನ ಸೀರೆಗಳ ಹಿಂದೆ ಎಂಬುದು ಭದ್ರತೆಯಲ್ಲ. ಅಲಬಾಮದ ಒಂದು ಗ್ರಾಮೀಣ ಕ್ಲಿನಿಕ್‌ನಲ್ಲಿ ತಂದೆತಾಯಿಯನ್ನೂ ಮಕ್ಕಳನ್ನೂ ಬೇರೆ ಬೇರೆಯಾಗಿ ಕೇಳಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ‘ನಮ್ಮ ಮಗು ಗನ್ ಮುಟ್ಟಿಯೇ ಇಲ್ಲ’ ಎಂದ ತಂದೆತಾಯಿಗಳಲ್ಲಿ ಶೇ 22ರಷ್ಟು ಜನರ ಮಕ್ಕಳು ‘ಮುಟ್ಟಿದ್ದೇನೆ’ ಎಂದಿದ್ದರು. ಅಂಗಡಿಯವರು ಹ್ಯಾಂಡ್‌ಗನ್ ಜತೆ ಬೀಗ ಕೊಡಬೇಕೆಂದು ಅಲ್ಲಿ ಕಾನೂನೇ ಇದೆ, ಬಹಳ ಮನೆಗಳಲ್ಲಿ ಅದು ಡಬ್ಬಿಯಲ್ಲೇ ಉಳಿದುಬಿಡುತ್ತದೆ. ನೆಲಕ್ಕೋ ಮಂಚಕ್ಕೋ ಬೋಲ್ಟ್ ಮಾಡಿದ, ನಂಬರ್ ಒತ್ತಿದರೆ ಎರಡು ಮೂರು ಸೆಕೆಂಡಿನಲ್ಲಿ ತೆರೆಯುವ ಚಿಕ್ಕ ಸೇಫಿನ ಹಣವನ್ನು ಪಿಸ್ತೂಲಿನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಅದಕ್ಕೆ ದುಡ್ಡು ಉಳಿಯದಿದ್ದರೆ ಈ ತಿಂಗಳು ಪಿಸ್ತೂಲೂ ಬೇಡ. ನಂಬರು ಮಗುವಿನ ಹುಟ್ಟುಹಬ್ಬ ಆಗದಿರಲಿ.

ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದರೆ, ವಿಚ್ಛೇದನ ಅಥವಾ ಕೆಲಸ ಹೋದ ಸಂಕಟದಲ್ಲಿದ್ದರೆ, ಕೊಳ್ಳುವ ಯೋಚನೆಯನ್ನು ಮುಂದೂಡಿ. ಈಗಾಗಲೇ ಗನ್ ಇದ್ದರೆ ತಾತ್ಕಾಲಿಕವಾಗಿ ಹೊರಗಿಡಬಹುದು. ಕೆಲವು ಬಂದೂಕು ಅಂಗಡಿಗಳೂ ಪೊಲೀಸ್ ಠಾಣೆಗಳೂ ಇಟ್ಟುಕೊಳ್ಳುತ್ತವೆ, ಮೊದಲು ಫೋನ್ ಮಾಡಿ ಕೇಳಿ. ಮಾತಾಡಲು ಯಾರಾದರೂ ಬೇಕೆನಿಸಿದರೆ ಅಮೆರಿಕದಲ್ಲಿ 988, ಭಾರತದಲ್ಲಿ ಟೆಲಿ ಮಾನಸ್ 14416. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೂ ಮಾತಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ.