ಹೆಬ್ಬೆರಳಿಗೆ ಐದು ಸಾವಿರವೇ?

ಗಿರಣಿಯ ಯಂತ್ರಕ್ಕೆ ಕೂಲಿಕಾರನ ಬೆರಳು ಸಿಕ್ಕಿದ ಮರುದಿನ ಆಸ್ಪತ್ರೆಯ ಮಂಚದ ಬಳಿಗೆ ಬರುವವನು ಮಾಲೀಕನಲ್ಲ, ಅವನ ಗುಮಾಸ್ತ. ಕೈಯಲ್ಲಿ ಹಣ್ಣಿನ ಚೀಲ, ಜೇಬಿನಲ್ಲಿ ಮೊದಲೇ ಬರೆದ ಕಾಗದ. "ಧಣಿಗಳು ದೊಡ್ಡ ಮನಸ್ಸು ಮಾಡಿ ಐದು ಸಾವಿರ ಕೊಟ್ಟಿದ್ದಾರೆ, ಇಲ್ಲೊಂದು ಹೆಬ್ಬೆಟ್ಟು ಒತ್ತಪ್ಪ" ಎನ್ನುತ್ತಾನೆ. ಬಲಗೈಯ ಹೆಬ್ಬೆರಳು ಹೋಗಿದ್ದರೆ ಎಡಗೈಯದನ್ನು ಒತ್ತಿಸಿಕೊಳ್ಳುತ್ತಾನೆ. ಕಾಗದದಲ್ಲಿರುವುದು ಇಷ್ಟು: ತಪ್ಪು ನನ್ನದೇ, ಪರಿಹಾರ ಪೂರ್ತಿ ಮುಟ್ಟಿತು, ಇನ್ನು ತಕರಾರಿಲ್ಲ.

ಪರಿಹಾರವು ಧಣಿ ಮಾಡುವ ಧರ್ಮವಲ್ಲ, ತೀರಿಸಬೇಕಾದ ಸಾಲ. ಬ್ರಿಟಿಷರ ಕಾಲದಲ್ಲೇ, 1923ರಲ್ಲಿ, ಇದಕ್ಕೆ ಕಾಯಿದೆಯಾಯಿತು. ಅದರ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಸಂಹಿತೆಗಳ ಮೇಲೆ ನಮ್ಮ ಜಗಳ ಬೇರೆಯೇ ಇದೆ. ಪರಿಹಾರದ ಲೆಕ್ಕ ಮಾತ್ರ ಹಳೆಯದೇ.

ತಿಂಗಳಿಗೆ 10,000 ರೂಪಾಯಿ ಕೂಲಿಯ, 30 ವರ್ಷದವನನ್ನು ತೆಗೆದುಕೊಳ್ಳೋಣ. ದುಡಿಯುವ ಶಕ್ತಿ ಶಾಶ್ವತವಾಗಿ ಪೂರ್ತಿ ಹೋದರೆ, ಕೂಲಿಯ ಶೇಕಡ 60ನ್ನು, ಅಂದರೆ 6,000ವನ್ನು, ಆ ವಯಸ್ಸಿಗೆ ಗೊತ್ತುಮಾಡಿದ 207.98ರಿಂದ ಗುಣಿಸಬೇಕು. ಬರುವುದು 12,47,880 ರೂಪಾಯಿ. ಹೆಬ್ಬೆರಳೊಂದೇ ಹೋದರೆ ಪಟ್ಟಿಯಂತೆ ನಷ್ಟ ಶೇಕಡ 30, ಹಣ 3,74,364. ಗುಮಾಸ್ತ ತಂದದ್ದು ಐದು ಸಾವಿರ!

ಪಟ್ಟಿಯೇ ಕೊನೆಯ ಮಾತೂ ಅಲ್ಲ. 1968ರಲ್ಲಿ ಒರಿಸ್ಸಾದ ಒಂದು ಸಿನಿಮಾ ಮಂದಿರದಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು ಎಡಗೈ ಕಳೆದುಕೊಂಡ. ನಷ್ಟ ಭಾಗಶಃ ಮಾತ್ರವೆಂದು ಮಾಲೀಕ ಸುಪ್ರೀಂ ಕೋರ್ಟಿನವರೆಗೂ ಹೋದ. ಒಂದೇ ಕೈಯಲ್ಲಿ ಬಡಗಿ ಕೆಲಸ ಸಾಗದು, ಆದ್ದರಿಂದ ನಷ್ಟ ಪೂರ್ಣವೆಂದು 1975ರಲ್ಲಿ ಕೋರ್ಟು ಹೇಳಿತು. ಪರಿಹಾರ ಸಲ್ಲಬೇಕಾದದ್ದು ಅಪಘಾತವಾದ ದಿನದಿಂದಲೇ ಎಂದೂ ಹೇಳಿತು. ಒಂದು ತಿಂಗಳು ಮೀರಿ ಸತಾಯಿಸಿದ ಮಾಲೀಕನ ಮೇಲೆ ಬಡ್ಡಿ ಬೀಳುತ್ತದೆ. ಸಕಾರಣವಿಲ್ಲದಿದ್ದರೆ ಮೊಬಲಗಿನ ಅರ್ಧದವರೆಗೆ ದಂಡವೂ ಬೀಳಬಹುದು.

"ನಿನ್ನದೇ ಅಜಾಗರೂಕತೆ" ಎಂಬ ಮಾತಿಗೆ ಹೆದರಬೇಡಿ. ಹತ್ತು ತಾಸು ನಿಂತು ದುಡಿದವನ ಕಣ್ಣು ಒಂದು ಗಳಿಗೆ ಮಂಜಾದರೆ ಹಕ್ಕು ಹೋಗುವುದಿಲ್ಲ. ಕುಡಿದಿದ್ದ, ಬೇಕೆಂದೇ ನಿಯಮ ಮುರಿದ, ಯಂತ್ರದ ರಕ್ಷಣೆಯನ್ನು ತಾನೇ ತೆಗೆದ ಎಂದು ಮಾಲೀಕ ಸಾಬೀತು ಮಾಡಬೇಕು. ಸಾವಾದರೆ, ಶಾಶ್ವತ ಪೂರ್ಣ ಊನವಾದರೆ, ಆ ನೆಪವೂ ನಡೆಯದು.

ಹೆಚ್ಚು ಎಚ್ಚರ ಬೇಕಾದದ್ದು ಆಸ್ಪತ್ರೆಯ ಚೀಟಿಯಲ್ಲಿ. "ಮನೆಯಲ್ಲಿ ಜಾರಿ ಬಿದ್ದ" ಎಂದು ಬರೆಸಿಬಿಟ್ಟರೆ ಮುಂದೆ ಸಾಕ್ಷಿ ಹುಡುಕಿ ಸಾಯಬೇಕು. ಗಿರಣಿಯ ಹೆಸರು, ಪಾಳಿ, ವೇಳೆ ಎಲ್ಲವೂ ಅಲ್ಲಿರಲಿ. ಇ.ಎಸ್.ಐ.ಗೆ ಸೇರಿದವರು ಮಾಲೀಕನಿಂದಲ್ಲ, ಇ.ಎಸ್.ಐ. ಕಚೇರಿಯಿಂದ ಕೇಳಬೇಕು; ಅವರಿಗೂ ಇದೇ ಚೀಟಿ ಆಧಾರ.

ಪತ್ರಿಕೆ ಓದುವ ಅಂಗಡಿಕಾರ ಮಿತ್ರರೂ ಕೇಳಬೇಕು. ಮೇಸ್ತ್ರಿಯ ಮೂಲಕ ಕರೆಸಿದ ಹಮಾಲಿಯ ಮೇಲೆ ನಿಮ್ಮ ಮಳಿಗೆಯಲ್ಲಿ ಮೂಟೆ ಬಿದ್ದರೆ, "ಅವನು ಮೇಸ್ತ್ರಿಯ ಆಳು" ಎಂದು ಕೈತೊಳೆದುಕೊಳ್ಳಲಾಗದು. ವಿಮೆಯ ಕಂತು ಆ ದಿನದ ಲೆಕ್ಕಕ್ಕಿಂತ ಅಗ್ಗ.

ಹೆಬ್ಬೆಟ್ಟು ಈಗಾಗಲೇ ಒತ್ತಿದ್ದೀರಾ? ಪರಿಹಾರದ ಹಕ್ಕು ಬಿಟ್ಟುಕೊಡಿಸುವ ಕರಾರು ಕಾನೂನಿನಲ್ಲಿ ಅಸಿಂಧು. ನಕಲು ಹಿಡಿದು ಇಂದೇ ಸಂಘದ ಕಚೇರಿಗೆ ಬನ್ನಿ, ಅರ್ಜಿಗೆ ಗಡುವುಂಟು.