ದುಡಿಯದಿದ್ದರೆ ಕೆಡುವ ಯಂತ್ರ

ಇಂಕ್‌ಜೆಟ್ ಪ್ರಿಂಟರನ್ನು ದಿನವೂ ದುಡಿಸಿದರೆ ಅದು ವರ್ಷಗಟ್ಟಲೆ ಬಾಳಬಲ್ಲುದು. ದುಡಿಸದೆ ಇಟ್ಟರೆ ಕೆಲವೇ ತಿಂಗಳಲ್ಲಿ ಕೆಡಬಲ್ಲುದು. ಬಳಕೆಯಿಂದ ಸವೆಯುವ ಯಂತ್ರಗಳನ್ನೇ ಕಂಡು ಅಭ್ಯಾಸವಾದ ನಮಗೆ ಈ ಸ್ವಭಾವವು ತಿಳಿಯದಿರುವುದು ಸಹಜವಾದರೂ, ಅದನ್ನು ಬಲ್ಲ ತಯಾರಕರು ಕೊಳ್ಳುವವನಿಗೆ ಸ್ಪಷ್ಟವಾಗಿ ಹೇಳದಿರುವುದನ್ನು ಸಹಜವೆಂದು ನಾನು ಒಪ್ಪಲಾರೆ.

ಇದರ ಫಲವನ್ನು ಕಾಣಬೇಕಾದರೆ ನಮ್ಮ ಶಾಲೆಗಳ ಕಚೇರಿಗೆ ಹೋಗಬೇಕು. ವಾರ್ಷಿಕ ಪರೀಕ್ಷೆಯ ಗದ್ದಲದಲ್ಲಿ ಬಿಡುವಿಲ್ಲದೆ ಓಡಿದ ಪ್ರಿಂಟರು, ಬೀಗ ಬಿದ್ದ ಕೋಣೆಯೊಳಗೆ, ಕಲಬುರಗಿ ರಾಯಚೂರುಗಳ ಕಡೆ 40 ಡಿಗ್ರಿಯನ್ನು ಮೀರುವ ಬಿಸಿಲಿನ ದಿನಗಳನ್ನೆಲ್ಲ ಸುಮ್ಮನೆ ಕಳೆದು, ರಜೆ ಮುಗಿದ ಮೇಲೆ ಮಗುವಿನ ವರ್ಗಾವಣೆ ಪತ್ರಕ್ಕೆಂದು ಬಂದು ನಿಂತ ತಂದೆಯ ಮುಂದೆ, ಅಕ್ಷರಗಳ ನಡುವೆ ಬಿಳಿಯ ಗೆರೆಗಳೆದ್ದ ಹಾಳೆಯೊಂದನ್ನು ಹೊರದೂಡುತ್ತದೆ. ಗುಮಾಸ್ತರು ಹೆಡ್ ಕ್ಲೀನಿಂಗ್ ಒತ್ತುತ್ತಾರೆ, ಮತ್ತೆ ಒತ್ತುತ್ತಾರೆ, ಪ್ರತಿಸಲವೂ ಬೆಲೆಯುಳ್ಳ ಶಾಯಿಯು ಕಾಗದಕ್ಕೆ ಬಾರದೆ ಯಂತ್ರದೊಳಗಿನ ಸ್ಪಂಜಿನಂಥ ಪ್ಯಾಡಿಗೆ ಇಳಿದುಹೋಗುತ್ತದೆ.

ಕಾರಣವು ಸೂಕ್ಷ್ಮವಾದರೂ ಗೂಢವಲ್ಲ. ಶಾಯಿಯ ಬಹುಭಾಗ ನೀರು. ಅದು ಬೇಗ ಆರದಿರಲೆಂದು ಗ್ಲಿಸರಿನ್, ಗ್ಲೈಕಾಲ್ ಮೊದಲಾದುವನ್ನು ಬೆರೆಸಿರುತ್ತಾರೆ. ಅದನ್ನು ಚಿಮ್ಮಿಸುವ ನೂರಾರು ರಂಧ್ರಗಳಾದರೋ ತಲೆಗೂದಲಿಗಿಂತಲೂ ಕಿರಿದು. ಅವುಗಳ ಬಾಯಲ್ಲಿ ನೀರು ಆವಿಯಾಗಿ ಶಾಯಿ ಗಟ್ಟಿಯಾಯಿತೆಂದರೆ ಒಳಗಿನ ಒತ್ತಡವು ಅದನ್ನು ದೂಡಲಾರದು. ವರ್ಣಕಣಗಳು ತೇಲುವ ಪಿಗ್‌ಮೆಂಟ್ ಶಾಯಿಯನ್ನು ಹೀಗೆ ಆರಿದ ಮೇಲೆ ಬಿಡಿಸುವುದು, ಬಣ್ಣ ಕರಗಿಯೇ ಇರುವ ಡೈ ಶಾಯಿಯನ್ನು ಬಿಡಿಸುವುದಕ್ಕಿಂತ ಕಷ್ಟ. ಇದನ್ನು ತಡೆಯಲೆಂದೇ ಕೆಲಸ ಮುಗಿದ ಮೇಲೆ, ಈ ರಂಧ್ರಗಳಿರುವ ಹೆಡ್ಡು ಒಂದು ಮಗ್ಗುಲಿಗೆ ಸರಿದು ರಬ್ಬರಿನ ಮುಚ್ಚಳದ ಮೇಲೆ ಕೂಡುವ ಏರ್ಪಾಡು ಉಂಟು. ಯಂತ್ರದ ಗುಂಡಿಯನ್ನೇ ಒತ್ತಿ ಆರಿಸಿದರೆ ಈ ಕ್ರಿಯೆ ಪೂರ್ಣವಾಗುವುದು. ಅಚ್ಚಾಗುತ್ತಿರುವಾಗಲೇ ಗೋಡೆಯ ಸ್ವಿಚ್ಚನ್ನು ಆರಿಸಿದರೆ, ಅಥವಾ ಕರೆಂಟು ಹೋದರೆ, ಹೆಡ್ಡು ನಿಂತಲ್ಲೇ ನಿಂತು ಮುಚ್ಚಳ ಹಾಕದ ಪೆನ್ನಿನಂತೆ ಗಾಳಿಗೆ ತೆರೆದುಕೊಂಡಿರುವುದು.

ಆದುದರಿಂದ ಒಂದೆರಡು ತಿಂಗಳ ಬಿಡುವಿಗೆ ವಾರಕ್ಕೊಂದು ಬಣ್ಣದ ಹಾಳೆಯನ್ನು ಅಚ್ಚುಹಾಕಿಸುವುದಕ್ಕಿಂತ ಉತ್ತಮವಾದ ಉಪಾಯವಿಲ್ಲ. ರಜೆಯಲ್ಲಿಯೂ ಶಾಲೆಯ ಬೀಗ ತೆಗೆಯುವವರೊಬ್ಬರು ಇದ್ದೇ ಇರುತ್ತಾರೆ. ಅದು ಸಾಧ್ಯವಾಗದಲ್ಲಿ, ರಂಧ್ರಗಳು ಕಾರ್ಟ್ರಿಜ್ಜಿನಲ್ಲಿಯೇ ಇರುವ ಮಾದರಿಯಾದರೆ, ಕಾರ್ಟ್ರಿಜ್ಜನ್ನು ತೆಗೆದು ಗಾಳಿಯಾಡದ ಡಬ್ಬಿಯಲ್ಲಿ, ಒದ್ದೆ ಬಟ್ಟೆಯ ಚೂರೊಂದನ್ನು ತಾಗದಂತೆ ಪಕ್ಕದಲ್ಲಿರಿಸಿ ಮುಚ್ಚಿಡಬಹುದು. ಹೆಡ್ಡು ಯಂತ್ರಕ್ಕೇ ಸೇರಿರುವ ಮಾದರಿಯಲ್ಲಿ ಕಾರ್ಟ್ರಿಜ್ಜನ್ನು ಕಿತ್ತಿಡುವುದು ಹಾನಿಕರ, ಏಕೆಂದರೆ ಖಾಲಿಯಾದ ಆ ಜಾಗದಲ್ಲಿಯೇ ಶಾಯಿ ಆರತೊಡಗುತ್ತದೆ. ಅಲ್ಲಿ ನೋಡಬೇಕಾದುದು ರಬ್ಬರಿನ ಮುಚ್ಚಳವನ್ನು: ಅದರ ಅಂಚಿನಲ್ಲಿ ಕಪ್ಪಾಗಿ ಹೆಪ್ಪುಗಟ್ಟಿದ ಶಾಯಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲನೆ ಒರಸಿ ತೆಗೆದರೆ ಹೆಡ್ಡು ಅದರ ಮೇಲೆ ಸಂದಿಲ್ಲದೆ ಕೂಡುತ್ತದೆ. ವರ್ಷಗಟ್ಟಲೆ ಇಡುವುದಾದರೆ ಶಾಯಿಯನ್ನೆಲ್ಲ ತೆಗೆಸಿ, ಆ ಮಾದರಿಗೆ ಒಪ್ಪುವ ಕ್ಲೀನಿಂಗ್ ದ್ರವವನ್ನು ಹಾಯಿಸಬೇಕು. ಇದು ಬಲ್ಲ ಮೆಕ್ಯಾನಿಕ್ಕಿನ ಕೆಲಸ.

ಆದರೆ ಇಷ್ಟೆಲ್ಲ ಜಾಗರೂಕತೆಯನ್ನು ಕೊಂಡವನ ತಲೆಗೇ ಕಟ್ಟುವುದು ನ್ಯಾಯವೆ? ಇ-ತ್ಯಾಜ್ಯ ನಿರ್ವಹಣೆಯ 2022ರ ನಿಯಮಗಳು ಪ್ರಿಂಟರನ್ನೂ ಕಾರ್ಟ್ರಿಜ್ಜನ್ನೂ ತಮ್ಮ ಪಟ್ಟಿಯಲ್ಲಿ ಸೇರಿಸಿ, ಕೆಟ್ಟು ಬಿಸಾಡಿದ ಮೇಲೆ ಅವುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲಿಟ್ಟಿವೆ. ಇದು ಯೋಗ್ಯವೇ, ಆದರೂ ಆ ಹೊಣೆ ಯಂತ್ರವು ಸತ್ತ ಬಳಿಕ ಮೊದಲಾಗುವುದಕ್ಕಿಂತ, ಅದನ್ನು ರೂಪಿಸುವಾಗಲೇ ಮೊದಲಾಗಬೇಕೆಂದು ನಾನು ಬಯಸುತ್ತೇನೆ. ಹೆಡ್ಡನ್ನು ಮನೆಯಲ್ಲೇ ಬಿಚ್ಚಿ ಬದಲಿಸುವಂತಿರಬೇಕು. ದೀರ್ಘಕಾಲ ಎತ್ತಿಡುವ ಮೊದಲು ಒತ್ತತಕ್ಕ ಗುಂಡಿಯೊಂದು ಇರಬೇಕು. ಎತ್ತಿಡುವ ವಿಧಾನವು ಕೈಪಿಡಿಯ ಮೊದಲ ಪುಟದಲ್ಲಿಯೇ, ಕನ್ನಡದಲ್ಲಿ, ಅಚ್ಚಾಗಿರಬೇಕು.

ಅಲ್ಲಿಯವರೆಗೆ, ವರ್ಷಕ್ಕೆ ಹತ್ತಿಪ್ಪತ್ತು ಹಾಳೆಗಳಿಗಿಂತ ಹೆಚ್ಚು ಬೇಡದ ಮನೆಯವರು ಬಣ್ಣದ ಮೋಹವನ್ನು ಬಿಟ್ಟು ಕಪ್ಪು-ಬಿಳುಪಿನ ಲೇಸರ್ ಪ್ರಿಂಟರನ್ನು ಕೊಳ್ಳುವುದೇ ಮೇಲು. ಅದರ ಟೋನರು ಒಣಪುಡಿಯಾದುದರಿಂದ ಆರಿಹೋಗುವ ಭಯವಿಲ್ಲ.